ಮುತ್ತಜ್ಜ ಮುಂಬೈಯಿಂದ ತಂದ ತೂಗುಕುರ್ಚಿಯನ್ನು ಮಾಡಿದವರು ಯಾರು?

ನಿಮ್ಮ ಪ್ರಶ್ನೆಯನ್ನು ಎರಡು ಸಲ ಓದಿದೆ, ಮೂರು ಫೋಟೊಗಳನ್ನು ಹತ್ತು ಸಲ ನೋಡಿದೆ. ಕುಂದಾಪುರದ ಕಡೆಯ ಹಳೆಯ ಮನೆ, ಮುಂಬೈಯ ಹೋಟೆಲೊಂದರಲ್ಲಿ ದುಡಿದ ಮುತ್ತಜ್ಜ, ಅವರು 1932ರ ಸುಮಾರಿಗೆ ಹಡಗಿನಲ್ಲಿ ಹಾಕಿ ಊರಿಗೆ ತಂದ ಬೆತ್ತದ ತೂಗುಕುರ್ಚಿ. ಥೋನೆಟ್ ಎಂಬ ದೊಡ್ಡ ಕುಶಲಕರ್ಮಿ ಅದನ್ನು ತನ್ನ ಕೈಯಾರೆ ಮಾಡಿದ್ದು ಎನ್ನುತ್ತಾರೆ ನಿಮ್ಮ ದೊಡ್ಡಪ್ಪ. ಅಲ್ಲ, ಅಸಲು ಕುರ್ಚಿ ಎಂದೋ ಮುರಿದುಹೋಯಿತು, ಇದು ಊರಿನ ಆಚಾರಿಯೊಬ್ಬರು ಬೀಟೆ ಮರದಲ್ಲಿ ಮಾಡಿಕೊಟ್ಟ ನಕಲು ಎನ್ನುತ್ತಾರೆ ಅತ್ತೆ. ಈ ನಡುವೆ ಹಳೆಯ ಸಾಮಾನಿನ ವ್ಯಾಪಾರಿಯೊಬ್ಬರು ಎರಡು ಸಲ ಬಂದು ಹೋಗಿದ್ದಾರೆ. ಯಾರು ಮಾಡಿದ್ದು, ಮಾರಬಹುದೇ, ಪಾಲಿಶ್ ಮಾಡಿಸಬಹುದೇ, ದಿನವೂ ಅದರಲ್ಲೇ ಕೂರುವ ಅಮ್ಮನಿಗೆ ಅಪಾಯವಿಲ್ಲವೇ ಎಂದು ಕೇಳಿದ್ದೀರಿ.

ನಾನು ಮರಗೆಲಸದವನು. ಅಪ್ಪನದೂ ಅದೇ ಕೆಲಸ. ಹೊಸ ಬಾಗಿಲು, ಕಿಟಕಿ ಮಾಡುವುದನ್ನು ಬಿಟ್ಟು ಹಳೆಯ ಕುರ್ಚಿ, ಮಂಚಗಳ ದುರಸ್ತಿಗೆ ಕುಳಿತು ಇಪ್ಪತ್ತು ವರ್ಷವಾಯಿತು. ಆ ಅನುಭವದ ಮೇಲೆ ಹೇಳುವುದಾದರೆ, ದೊಡ್ಡಪ್ಪನ ಮಾತೂ ಸರಿಯಲ್ಲ, ಅತ್ತೆಯ ಮಾತೂ ಸರಿಯಲ್ಲ.

ಮೊದಲು ಅತ್ತೆಯ ಮಾತು. ನಿಮ್ಮ ಎರಡನೆಯ ಫೋಟೊದಲ್ಲಿ ಕೈ ಇಡುವ ಜಾಗದ ಪಾಲಿಶ್ ಸವೆದು ಒಳಗಿನ ಮರ ಕಾಣಿಸುತ್ತಿದೆ. ಫೋಟೊವನ್ನು ದೊಡ್ಡದು ಮಾಡಿ ನೋಡಿ. ಮರದ ಎಳೆಗಳು ಕೈಯ ತಿರುವಿನ ಜೊತೆಗೇ ತಿರುಗುತ್ತವೆ. ಕೈ ಎಲ್ಲಿ ಬಾಗುತ್ತದೋ ಎಳೆಯೂ ಅಲ್ಲೇ ಬಾಗುತ್ತದೆ, ಎಲ್ಲಿಯೂ ಅಂಚಿಗೆ ಹೋಗಿ ಕತ್ತರಿಸಿಹೋಗುವುದಿಲ್ಲ. ಇದೊಂದೇ ಸಾಕು, ಇದು ನಮ್ಮ ಕಡೆಯ ಕೆಲಸವಲ್ಲ ಎನ್ನಲು. ನಮ್ಮವರಿಗೆ ಕೈ ಸಾಲದೆಂದಲ್ಲ, ವಿಧಾನವೇ ಬೇರೆ. ನಮ್ಮಲ್ಲಿ ಬಾಗಿದ ಭಾಗ ಬೇಕಾದರೆ ಎರಡೇ ದಾರಿ. ಒಂದು, ನೇಗಿಲು ಮಾಡುವವರು ಮಾಡುತ್ತಿದ್ದ ಹಾಗೆ ಕಾಡಿನಲ್ಲಿ ತಾನಾಗಿ ಬಾಗಿ ಬೆಳೆದ ಕೊಂಬೆಯನ್ನು ಹುಡುಕುವುದು. ಇನ್ನೊಂದು, ಅಗಲವಾದ ಹಲಗೆಯ ಮೇಲೆ ಗೆರೆ ಎಳೆದು ಗರಗಸದಿಂದ ಬಾಗಾಗಿ ಕೊಯ್ಯುವುದು. ಎರಡನೆಯದರಲ್ಲಿ ಮರದ ಎಳೆ ನೆಟ್ಟಗೇ ಇರುತ್ತದೆ, ಆಕಾರ ಮಾತ್ರ ಬಾಗುತ್ತದೆ. ತಿರುವು ಜಾಸ್ತಿಯಾದ ಜಾಗದಲ್ಲಿ ಎಳೆ ಅಡ್ಡಡ್ಡ ಬಂದು ನಿಲ್ಲುತ್ತದೆ. ಮುರಿಯುವುದು ಅಲ್ಲಿಯೇ.

ನನಗೆ ಇದು ಗೊತ್ತಾದದ್ದು ನಮ್ಮ ಮನೆಯ ಕುರ್ಚಿಯಿಂದ. ಅಜ್ಜ ಒಬ್ಬ ಸಾಹುಕಾರರ ಮನೆಯಲ್ಲಿ ಪರದೇಶದ ತೂಗುಕುರ್ಚಿ ನೋಡಿ ಬಂದು, ಮನಸ್ಸಿನಲ್ಲೇ ಅಳತೆ ಇಟ್ಟುಕೊಂಡು ಹಲಸಿನ ಮರದಲ್ಲಿ ಒಂದನ್ನು ಮಾಡಿದ್ದರು. ದೂರದಿಂದ ನೋಡಿದರೆ ಅಸಲೇ ಸರಿ. ಹತ್ತಿರ ಹೋದರೆ ಒಂದೊಂದು ಪಕ್ಕದಲ್ಲೂ ಐದು ತುಂಡು, ತುಂಡು ತುಂಡಿಗೆ ಕುಳಿ ಕೊರೆದು ಸೇರಿಸಿದ ಗಂಟು, ಗಂಟಿನ ಮೇಲೆ ಬಿದಿರಿನ ಮೊಳೆ. ಗಂಟುಗಳನ್ನು ಎಷ್ಟು ನಯವಾಗಿ ಸವರಿದ್ದರೆಂದರೆ ಉಗುರು ಆಡಿಸಿದರೂ ತಡೆಯುತ್ತಿರಲಿಲ್ಲ. ಅದರಲ್ಲಿ ಮದುವೆಗೆ ಬಂದ ನೆಂಟರೊಬ್ಬರು ಧೊಪ್ಪೆಂದು ಕೂತ ದಿನ ಮುಂಗಾಲಿನ ತಿರುವು ಬಿಸ್ಕತ್ತಿನಂತೆ ಮುರಿಯಿತು. ಗಂಟು ಒಂದೂ ಬಿಡಲಿಲ್ಲ, ಎಳೆ ಅಡ್ಡ ಬಂದಿದ್ದ ಜಾಗ ಮುರಿಯಿತು. ಅಪ್ಪ ಮುರಿದ ತುಂಡನ್ನು ನನ್ನ ಕೈಗೆ ಕೊಟ್ಟು ಎಳೆಯ ಮೇಲೆ ಬೆರಳಾಡಿಸಲು ಹೇಳಿದರು. ಬೈಗುಳ ತಿನ್ನದೆ ಕಲಿತ ಪಾಠ ಅದೊಂದೇ.

ಇನ್ನು ಬೀಟೆಯ ವಿಷಯ. ಫೋಟೊದಲ್ಲಿ ಸವೆದ ಜಾಗದ ಮರ ತಿಳಿ ಕಂದು, ಅದರ ಮೇಲೆ ಎಳ್ಳು ಉದುರಿಸಿದ ಹಾಗೆ ಗಿಡ್ಡ ಗಿಡ್ಡ ಕಂದು ಗೀರುಗಳಿವೆ. ಅದು ಬೀಚ್ ಮರದ ಗುರುತು. ಯುರೋಪಿನ ಕಾಡಿನದು, ನಮ್ಮಲ್ಲಿಲ್ಲ. ಬೀಟೆಯಾಗಿದ್ದರೆ ಸವೆದಷ್ಟೂ ಒಳಗೆ ಕಪ್ಪು, ನೇರಳೆಯೇ ಸಿಗಬೇಕಿತ್ತು. ಬೀಚ್ ಮರಕ್ಕೆ ಬೀಟೆಯ ಬಣ್ಣ ಹಚ್ಚಿ, ಮೇಲೆ ಅರಗಿನ ಪಾಲಿಶ್ ಕೊಟ್ಟು ಮಾರುವುದು ಯುರೋಪಿನ ಕುರ್ಚಿ ಕಾರ್ಖಾನೆಗಳ ಮಾಮೂಲಿ ಪದ್ಧತಿಯಾಗಿತ್ತು. ಅತ್ತೆ ಮೋಸಹೋಗಿದ್ದು ಆ ಬಣ್ಣಕ್ಕೆ. ನೂರು ವರ್ಷ ನಿಂತ ಬಣ್ಣ, ಅವರನ್ನು ದೂರುವಂತಿಲ್ಲ.

ಈಗ ದೊಡ್ಡಪ್ಪನ ಥೋನೆಟ್. ಹೆಸರು ಸುಳ್ಳಲ್ಲ. ಮಿಖಾಯೆಲ್ ಥೋನೆಟ್ 1796ರಲ್ಲಿ ಜರ್ಮನಿಯ ರೈನ್ ನದಿಯ ದಂಡೆಯ ಬೊಪ್ಪಾರ್ಡ್ ಎಂಬ ಊರಿನಲ್ಲಿ ಹುಟ್ಟಿದವನು. ತಂದೆ ಚರ್ಮ ಹದ ಮಾಡುತ್ತಿದ್ದ, ಮಗ ಬಡಗಿಯಾದ. 1819ರಲ್ಲಿ ಸ್ವಂತ ಅಂಗಡಿ. 1830ರ ಹೊತ್ತಿಗೆ ಇವನ ತಲೆಗೆ ಒಂದು ಹುಳ ಹೊಕ್ಕಿತು: ಬಾಗಿದ ಭಾಗವನ್ನು ಕೊಯ್ದು ಮರ ಹಾಳು ಮಾಡುವುದೇಕೆ, ಮರವನ್ನೇ ಬಗ್ಗಿಸಿದರಾಗದೆ? ತೆಳುವಾದ ಪಟ್ಟಿಗಳನ್ನು ಅಂಟಿನಲ್ಲಿ ಕುದಿಸಿ, ಒಂದರ ಮೇಲೊಂದು ಇಟ್ಟು, ಅಚ್ಚಿನಲ್ಲಿ ಬಗ್ಗಿಸಿ ಒಣಗಿಸತೊಡಗಿದ. ಅಂಟಿಗಾಗಿಯೇ ಒಂದು ಅಂಟಿನ ಕಾರ್ಖಾನೆಯನ್ನೂ ಕೊಂಡ. 1841ರಲ್ಲಿ ಕೋಬ್ಲೆಂಜಿನ ಪ್ರದರ್ಶನದಲ್ಲಿ ಇವನ ಕುರ್ಚಿಗಳು ಆಸ್ಟ್ರಿಯಾದ ಪ್ರಭಾವಿ ಮಂತ್ರಿ ಮೆಟರ್ನಿಕ್‌ನ ಕಣ್ಣಿಗೆ ಬಿದ್ದವು. ಮರುವರ್ಷ ಅವನ ಆಸರೆಯಲ್ಲಿ ವಿಯೆನ್ನಾಕ್ಕೆ ಹೋಗಿ ಮರ ಬಗ್ಗಿಸುವ ಹಕ್ಕುಪತ್ರವನ್ನು ಪಡೆದ. ಅತ್ತ ಊರಿನಲ್ಲಿ ಸಾಲಗಾರರು ಆಸ್ತಿಯನ್ನೆಲ್ಲ ವಶಪಡಿಸಿಕೊಂಡರು. ನಲವತ್ತಾರು ವರ್ಷದ ಮನುಷ್ಯ ಸಂಸಾರ ಕಟ್ಟಿಕೊಂಡು ಪರಊರಿಗೆ ಬಂದು, ಇನ್ನೊಬ್ಬರ ಗುತ್ತಿಗೆಯಲ್ಲಿ ಲಿಕ್ಟೆನ್‌ಸ್ಟೈನ್ ಅರಮನೆಯ ಕೆಲಸ ಮಾಡಿಕೊಂಡಿದ್ದ. 1849ರಲ್ಲಿ ಮತ್ತೆ ಸ್ವಂತ ಕಾರ್ಯಾಗಾರ. 1853ರಲ್ಲಿ ಐವರು ಗಂಡುಮಕ್ಕಳ ಹೆಸರಿಗೆ ವ್ಯಾಪಾರವನ್ನು ಬರೆದುಕೊಟ್ಟ, ಕಂಪನಿ 'ಥೋನೆಟ್ ಸಹೋದರರು' ಆಯಿತು.

ಅಂಟಿನ ಕುರ್ಚಿಗೆ ಒಂದು ಕಾಯಿಲೆಯಿತ್ತು, ನಮ್ಮ ಕರಾವಳಿಯವರಿಗೆ ಅದನ್ನು ವಿವರಿಸಬೇಕಾಗಿಲ್ಲ. ಸೆಕೆ, ತೇವ ಹೆಚ್ಚಿರುವ ದೇಶಗಳಿಗೆ ಹೋದರೆ ಅಂಟು ಬಿಟ್ಟುಕೊಳ್ಳುತ್ತಿತ್ತು. ಆಗಿನ ಅಂಟೆಂದರೆ ದನದ ಚರ್ಮ, ಮೂಳೆ ಕುದಿಸಿ ತೆಗೆದದ್ದು. ನಮ್ಮ ಆಷಾಢದಲ್ಲಿ ಅದು ಮತ್ತೆ ಪಾಯಸವಾಗುತ್ತದೆ. ಕಡಲಾಚೆಗೆ ಮಾರಬೇಕಾದರೆ ಅಂಟೇ ಇಲ್ಲದ, ಇಡೀ ಮರದ ಕೋಲನ್ನೇ ಬಗ್ಗಿಸಿದ ಕುರ್ಚಿ ಬೇಕಾಯಿತು. 1856ರಲ್ಲಿ ಅದಕ್ಕೆ ಪೇಟೆಂಟ್ ಸಿಕ್ಕಿತು. ನಿಮ್ಮ ಕುರ್ಚಿ ಕುಂದಾಪುರದ ತೊಂಬತ್ತು ಮಳೆಗಾಲ ಕಂಡೂ ಬಿಡಿಬಿಡಿಯಾಗಿಲ್ಲವಲ್ಲ, ಅದರ ಗುಟ್ಟು ಇದು. ಅದನ್ನು ಹಿಡಿದು ನಿಲ್ಲಿಸಿರುವುದು ಸ್ಕ್ರೂಗಳು.

ಕೋಲು ಬಗ್ಗಿಸುವುದು ಹೇಗೆಂದು ಸ್ವಲ್ಪ ಹೇಳಲೇಬೇಕು, ಏಕೆಂದರೆ ಇಡೀ ಕುರ್ಚಿಯ ಜೀವ ಇರುವುದು ಅಲ್ಲಿ. ಕಬ್ಬಿನ ಜಲ್ಲೆಯನ್ನು ಮೊಣಕಾಲಿಗೆ ಕೊಟ್ಟು ಬಗ್ಗಿಸಿ ನೋಡಿ. ಒಳಮೈ ನುಗ್ಗಾಗುತ್ತದೆ, ಆದರೆ ಮೊದಲು ಸೀಳುವುದು ಹೊರಮೈ. ಮರವೂ ಹಾಗೆಯೇ. ಹಬೆಯಲ್ಲಿ ಬೆಂದು ಮೆತ್ತಗಾದ ಬೀಚ್ ಮರವನ್ನು ಒತ್ತಿದರೆ ಕಾಲು ಭಾಗದಷ್ಟು ಕುಗ್ಗಲು ಒಪ್ಪುತ್ತದೆ, ಎಳೆದರೆ ಮಾತ್ರ ನೂರರಲ್ಲಿ ಒಂದೆರಡು ಪಾಲಿಗಿಂತ ಹೆಚ್ಚು ಹಿಗ್ಗುವುದಿಲ್ಲ, ಹರಿಯುತ್ತದೆ. ಥೋನೆಟ್ ಮಾಡಿದ್ದಿಷ್ಟೇ. ಕೋಲಿನ ಹೊರಮೈಗೆ ಒಂದು ಲೋಹದ ಪಟ್ಟಿ ಕೊಟ್ಟು ಎರಡೂ ತುದಿಯಲ್ಲಿ ಬಿಗಿದ. ಈಗ ಹೊರಮೈ ಹಿಗ್ಗಲು ಪಟ್ಟಿ ಬಿಡುವುದಿಲ್ಲ, ಬಾಗಬೇಕಾದರೆ ಒಳಮೈಯೇ ಕುಗ್ಗಬೇಕು. ಅದು ಕುಗ್ಗುತ್ತದೆ. ಪಟ್ಟಿಯ ಸಮೇತ ಕಬ್ಬಿಣದ ಅಚ್ಚಿಗೆ ಕಟ್ಟಿ ಒಣಗಿಸಿದರೆ ಆ ಆಕಾರ ಕಾಯಂ. ನಮ್ಮಲ್ಲಿ ಬುಟ್ಟಿ ಹೆಣೆಯುವವರು ಬಿದಿರನ್ನು ಬೆಂಕಿಗೆ ಹಿಡಿದು ಬಗ್ಗಿಸುವುದನ್ನು ಚಿಕ್ಕಂದಿನಿಂದ ನೋಡಿದ್ದೇನೆ. ಬಿದಿರಿಗೆ ಪಟ್ಟಿ ಬೇಡ. ಕೈಯಷ್ಟು ದಪ್ಪದ ಗಟ್ಟಿಮರಕ್ಕೆ ಬೇಕು ಎಂದು ಹೊಳೆಯುವುದಕ್ಕೆ ಒಬ್ಬ ಮನುಷ್ಯನ ಅರ್ಧ ಆಯುಷ್ಯ ಹೋಯಿತು.

ನೀವು ಚಿತ್ರಗಳಲ್ಲಿ ನೋಡಿರಬಹುದಾದ ಪ್ರಸಿದ್ಧ 14ನೆಯ ನಂಬರಿನ ಕುರ್ಚಿ 1859ರದು. ಆರು ತುಂಡು ಮರ, ಹತ್ತು ಸ್ಕ್ರೂ, ಎರಡು ನಟ್ಟು. ಬಿಚ್ಚಿಟ್ಟರೆ ಒಂದು ಘನ ಮೀಟರ್ ಪೆಟ್ಟಿಗೆಯಲ್ಲಿ ಮೂವತ್ತಾರು ಕುರ್ಚಿ ಹಿಡಿಸುತ್ತಿತ್ತು. ಮುಂಬೈಯ ಇರಾನಿ ಹೋಟೆಲುಗಳಲ್ಲಿ ಅಮೃತಶಿಲೆಯ ಮೇಜಿನ ಸುತ್ತ ಇರುವ ಕಪ್ಪು ಬಾಗುಕುರ್ಚಿಗಳು ಇದೇ ಮನೆತನದವು. ಮರುವರ್ಷ, 1860ರಲ್ಲಿ, ಮೊದಲ ತೂಗುಕುರ್ಚಿ ಬಂತು. 1851ರ ಲಂಡನ್ ಮಹಾಪ್ರದರ್ಶನದಲ್ಲಿ ಥೋನೆಟ್ ತನ್ನ ಕುರ್ಚಿಗಳನ್ನು ಇಟ್ಟಿದ್ದ, ಅಲ್ಲಿಯೇ ಬರ್ಮಿಂಗ್‌ಹ್ಯಾಮಿನ ವಿನ್‌ಫೀಲ್ಡ್ ಕಂಪನಿ ಲೋಹದ ಪಟ್ಟಿ ಬಗ್ಗಿಸಿ ಮಾಡಿದ ತೂಗುಕುರ್ಚಿಯೂ ಇತ್ತು. ಎರಡರ ಚಿತ್ರವನ್ನೂ ಪಕ್ಕಪಕ್ಕ ಇಟ್ಟು ನೋಡಿದವರಿಗೆ ಹೋಲಿಕೆ ಕಾಣದೆ ಇರದು. ಕಣ್ಣಿಗೆ ಬಿದ್ದದ್ದನ್ನು ತಮ್ಮ ಮರಕ್ಕೆ ಒಗ್ಗಿಸಿಕೊಳ್ಳುವುದು ಕಳ್ಳತನವಲ್ಲ, ನನ್ನ ಅಜ್ಜ ಮಾಡಿದ್ದೂ ಅದನ್ನೇ.

ಮಿಖಾಯೆಲ್ ಥೋನೆಟ್ 1871ರಲ್ಲಿ ತೀರಿಕೊಂಡ. ಅದಕ್ಕೆ ಹದಿನೈದು ವರ್ಷ ಮೊದಲೇ ಕೆಲಸ ಅವನ ಕೈ ದಾಟಿ ಕಾರ್ಖಾನೆಗೆ ಹೋಗಿತ್ತು. ಹಾಗಾಗಿ ನಿಮ್ಮ ಕುರ್ಚಿಯನ್ನು ಅವನೇ ಕೂತು ಮಾಡಿದ್ದು ಎಂಬ ಮಾತನ್ನು ಬಿಟ್ಟುಬಿಡಿ. ಅದಕ್ಕಿಂತ ದೊಡ್ಡ ತೊಡಕು ಇನ್ನೊಂದಿದೆ. ನಿಮ್ಮ ಮೂರನೆಯ ಫೋಟೊ, ಪೀಠದ ಅಡಿಯ ಹುಳು ತಿಂದ ಚೀಟಿ. ಮೇಲಿನ ಸಾಲಿನಲ್ಲಿ ಉಳಿದಿರುವುದು ಇಂಗ್ಲಿಷಿನ 'ಮತ್ತು' ಎಂಬ ಸುರುಳಿ ಚಿಹ್ನೆ, ಅದರ ಪಕ್ಕ 'ಜೆ' ಅಕ್ಷರ. ಕೆಳಗಿನ ಸಾಲಿನಲ್ಲಿ 'ಆಸ್ಟ್ರಿ' ಎನ್ನುವಷ್ಟು. ಥೋನೆಟ್ ಹೆಸರಿನಲ್ಲಿ ಈ ಚಿಹ್ನೆಗೂ ಜಾಗವಿಲ್ಲ, 'ಜೆ'ಗೂ ಜಾಗವಿಲ್ಲ. ಇದು ಯಾಕೊಬ್ ಮತ್ತು ಯೋಸೆಫ್ ಕೋನ್ ಎಂಬ ತಂದೆ ಮಗನ ಕಂಪನಿ. 1869ರಲ್ಲಿ ಥೋನೆಟ್ ಪೇಟೆಂಟಿನ ಅವಧಿ ಮುಗಿಯಿತು, ಮರ ಬಗ್ಗಿಸುವ ವಿದ್ಯೆ ಎಲ್ಲರದೂ ಆಯಿತು. ಬಾಗಿಲಲ್ಲೇ ಕಾದು ನಿಂತವರಂತೆ ಒಳನುಗ್ಗಿದವರಲ್ಲಿ ದೊಡ್ಡವರು ಕೋನ್. ಎಷ್ಟು ಪೈಪೋಟಿಯೆಂದರೆ ಕೆಲವು ನಮೂನೆಗಳನ್ನು ಗುರುತು ನೋಡದೆ ಬೇರ್ಪಡಿಸಲು ನನಗೂ ಆಗುವುದಿಲ್ಲ. ತಮಾಷೆಯೆಂದರೆ, ಕೋನ್ 1914ರಲ್ಲಿ ಮುಂಡುಸ್ ಎಂಬ ಇನ್ನೊಂದು ಕಂಪನಿಯ ಜೊತೆ ಸೇರಿತು, 1920ರ ದಶಕದಲ್ಲಿ ಥೋನೆಟ್ ಕೂಡ ಬಂದು ಅದೇ ಕೂಟವನ್ನು ಸೇರಿಕೊಂಡಿತು. ವನಸ್ಪತಿಯನ್ನೆಲ್ಲ ಡಾಲ್ಡಾ ಎನ್ನುವ ಹಾಗೆ ಬಾಗುಮರದ ಕುರ್ಚಿಗಳಿಗೆಲ್ಲ ಥೋನೆಟ್ ಎನ್ನುವುದು ವ್ಯಾಪಾರಿಗಳ ರೂಢಿ. ದೊಡ್ಡಪ್ಪನಿಗೆ ಆ ಹೆಸರು ಬಂದದ್ದೂ ಯಾರೋ ವ್ಯಾಪಾರಿಯ ಬಾಯಿಂದಲೇ ಇರಬೇಕು.

ಹಾಗಿದ್ದರೆ 1932? ಮೊದಲ ಮಹಾಯುದ್ಧದ ನಂತರ ಆಸ್ಟ್ರಿಯಾ-ಹಂಗೆರಿ ಸಾಮ್ರಾಜ್ಯ ಒಡೆದು, ಆ ಕಾರ್ಖಾನೆಗಳು ಇದ್ದ ನೆಲ ಚೆಕೊಸ್ಲೊವಾಕಿಯಾಕ್ಕೂ ಪೋಲೆಂಡಿಗೂ ಹಂಚಿಹೋಯಿತು. ಚೀಟಿಯಲ್ಲಿ ಆಸ್ಟ್ರಿಯಾ ಎಂದಿರುವುದರಿಂದ ನಿಮ್ಮದು ಅದಕ್ಕೆ ಮೊದಲಿನದು ಎಂದು ನನ್ನ ಅಂದಾಜು. ಅಂದರೆ ನಿಮ್ಮ ಮುತ್ತಜ್ಜ ಕೊಂಡದ್ದು ಹೊಸ ಕುರ್ಚಿಯನ್ನಲ್ಲ. ಯಾವುದೋ ಬಂಗಲೆಯವರು ಊರು ಬಿಡುವಾಗ ಮಾರಿದ್ದೋ, ಹರಾಜಿನಲ್ಲಿ ಬಂದದ್ದೋ ಇರಬೇಕು. ಹೋಟೆಲಿನ ಸಂಬಳದಲ್ಲಿ ಹೊಸದನ್ನು ಕೊಳ್ಳುವುದಕ್ಕಿಂತ ಇದೇ ನಂಬುವಂತಿದೆ. ಸ್ಕ್ರೂ ಬಿಚ್ಚಿ, ಗೋಣಿಯಲ್ಲಿ ಸುತ್ತಿ ಹಡಗಿಗೆ ಹಾಕಿ, ಊರಿಗೆ ಬಂದು ಮತ್ತೆ ಜೋಡಿಸಿರಬಹುದು. ಒಂದು ಸ್ಕ್ರೂ ಮಾತ್ರ ಬೇರೆ ಜಾತಿಯದಾಗಿ ಕಾಣುತ್ತಿದೆ, ಎಡಗೈಯ ಕೆಳಗಿನದು. ದಾರಿಯಲ್ಲಿ ಕಳೆದುಕೊಂಡರೇನೋ.

ಮಾಡಿದವರು ಯಾರು ಎಂದು ಕೇಳಿದ್ದೀರಿ, ಕಂಪನಿಯ ಹೆಸರಿಗೆ ನಿಲ್ಲಿಸಲು ಮನಸ್ಸಿಲ್ಲ. ಈ ಕಂಪನಿಗಳು ಕಾರ್ಖಾನೆಗಳನ್ನು ಕಟ್ಟಿದ್ದು ವಿಯೆನ್ನಾ ಪೇಟೆಯಲ್ಲಲ್ಲ, ಬೀಚ್ ಕಾಡಿದ್ದ ಕಡೆ. ಥೋನೆಟ್‌ನ ಮೊದಲ ದೊಡ್ಡ ಕಾರ್ಖಾನೆ ಈಗಿನ ಚೆಕ್ ದೇಶದಲ್ಲಿರುವ ಮೊರಾವಿಯಾದ ಕೊರಿಚಾನಿ ಎಂಬ ಊರಿನದು. ಮರವೂ ಅಲ್ಲಿ, ಕಡಿಮೆ ಕೂಲಿಯ ಹಳ್ಳಿಯ ಜನವೂ ಅಲ್ಲಿ. ಹಬೆಯ ಪೆಟ್ಟಿಗೆಯಿಂದ ತೆಗೆದ ಕೋಲು ಆರುವುದರೊಳಗೆ ಬಗ್ಗಿಸಿ ಅಚ್ಚಿಗೆ ಕಟ್ಟಬೇಕು. ತೂಗುಕುರ್ಚಿಯ ಉದ್ದದ ಸುರುಳಿಗೆ ಒಬ್ಬರ ಬಲ ಸಾಲದು, ಜೊತೆಗಾರರು ಬೇಕು. ಬೆತ್ತ ಹೆಣೆದವರು ಹೆಚ್ಚಾಗಿ ಆ ಸುತ್ತಿನ ಹಳ್ಳಿಗಳ ಹೆಂಗಸರು, ಮನೆಯಲ್ಲಿ ಕೂತು, ನಮ್ಮಲ್ಲಿ ಬೀಡಿ ಕಟ್ಟುವ ಹಾಗೆ. ಬೆತ್ತವಂತೂ ಅವರ ಊರಿನದಲ್ಲ, ಆಗ್ನೇಯ ಏಷ್ಯಾದ ಕಾಡಿನಿಂದ ಹೋದದ್ದು. ಮೇಲಿನ ಪಾಲಿಶಿನ ಅರಗಿಗೆ ಆಗ ಮುಖ್ಯ ಮೂಲ ನಮ್ಮ ದೇಶವೇ. ಏಷ್ಯಾದಿಂದ ಹೋದ ಬೆತ್ತ, ಅರಗು ಬೀಚ್ ಮರದ ಮೇಲೆ ಕೂತು ಮತ್ತೆ ಏಷ್ಯಾಕ್ಕೆ ಬಂದಂತಾಯಿತು.

ನಿಮ್ಮ ಕುರ್ಚಿಯ ಪೀಠದ ಈಗಿನ ಬೆತ್ತ ಮೊದಲಿನದಲ್ಲ. ಚೌಕಟ್ಟಿನ ಸುತ್ತ ಸಾಲಾಗಿ ತೂತುಗಳಿವೆ ಎಂದರೆ ಎಳೆ ಎಳೆಯಾಗಿ ಕೈಯಲ್ಲಿ ಹೆಣೆಯುವ ಕುರ್ಚಿ ಅದು. ಬೆನ್ನಿನ ಹೆಣಿಗೆಯ ಬಣ್ಣ ಜೇನಿನಂತಾಗಿದೆ, ಪೀಠದ್ದು ಇನ್ನೂ ಬೆಳ್ಳಗಿದೆ. ಪೀಠವನ್ನು ಯಾರೋ ಒಳ್ಳೆಯ ಕೈ ಮತ್ತೆ ಹೆಣೆದಿದೆ, ಕಣ್ಣುಗಳೆಲ್ಲ ಒಂದೇ ಅಳತೆ. ಒಂದು ಕಾಲಕ್ಕೆ ಕಚೇರಿ ಕುರ್ಚಿಗಳ ಬೆತ್ತ ಹೆಣೆಯುವುದು ಕಣ್ಣು ಕಾಣದವರಿಗೆ ಕಲಿಸುತ್ತಿದ್ದ ಕಸುಬು. ನನಗೆ ಹೆಣಿಗೆ ಕಲಿಸಿದವರೂ ಹಾಗಿದ್ದವರೇ. ನಾನು ತಪ್ಪು ಎಳೆ ಹಾಕಿದರೆ ಸದ್ದಿನಿಂದಲೇ ಹೇಳಿಬಿಡುತ್ತಿದ್ದರು.

ಮಾರಾಟದ ವಿಷಯ ಚಿಕ್ಕದು. ಬೆಲೆ ನಾನು ಹೇಳುವುದಿಲ್ಲ, ಫೋಟೊ ನೋಡಿ ಬೆಲೆ ಕಟ್ಟುವವರನ್ನು ನೀವೂ ನಂಬಬೇಡಿ. ಕೋನ್ ಮತ್ತು ಥೋನೆಟ್ ಲಕ್ಷಗಟ್ಟಲೆ ಕುರ್ಚಿ ಮಾಡಿದ ಕಂಪನಿಗಳು, ಇದು ಲೋಕದಲ್ಲಿ ಒಂದೇ ಎಂದು ಯಾರಾದರೂ ಹೊಗಳಿದರೆ ಅನುಮಾನಪಡಿ. ಹಳೆಯ ಕಟ್ಟಿಗೆ ಎಂದು ಯಾರಾದರೂ ಹೀಗಳೆದರೆ ಇನ್ನೂ ಹೆಚ್ಚು ಅನುಮಾನಪಡಿ, ಕಟ್ಟಿಗೆಗೆ ಯಾರೂ ಎರಡು ಸಲ ಬರುವುದಿಲ್ಲ. ಅಮೆರಿಕದ ತಮ್ಮ ತೆಗೆದುಕೊಂಡು ಹೋಗಲೂ ಬಯಸುತ್ತಾನೆ ಎಂದು ಬರೆದಿದ್ದೀರಿ. ಅದಕ್ಕೆ ಮೊದಲು ಒಂದು ಮಾತು. ನೂರು ವರ್ಷ ದಾಟಿದ ಕುಶಲವಸ್ತುಗಳಿಗೆ 1972ರ ಪ್ರಾಚೀನ ವಸ್ತುಗಳ ಕಾಯ್ದೆ ಅನ್ವಯಿಸಬಹುದು, ಖಾಸಗಿಯವರು ಅವನ್ನು ದೇಶದ ಹೊರಗೆ ಸಾಗಿಸುವಂತಿಲ್ಲ. ಪುರಾತತ್ವ ಸರ್ವೇಕ್ಷಣ ಇಲಾಖೆಯನ್ನು ಕೇಳಿ, ಬರವಣಿಗೆಯಲ್ಲಿ ಉತ್ತರ ಪಡೆಯದೆ ಪ್ಯಾಕ್ ಮಾಡಬೇಡಿ.

ಪಾಲಿಶ್? ದಯವಿಟ್ಟು ಬೇಡ. ಒಮ್ಮೆ ನನಗೆ ಕೈತುಂಬ ಕೆಲಸವಿದ್ದಾಗ ಇಂತಹದೇ ಒಂದು ಕುರ್ಚಿಯನ್ನು ಹೊರಗಿನ ಅಂಗಡಿಯೊಂದಕ್ಕೆ ಕೊಟ್ಟೆ. ಹಳೆಯ ಪಾಲಿಶ್ ತೆಗೆಯಲು ಅವರು ಕಾಸ್ಟಿಕ್ ಸೋಡಾದ ತೊಟ್ಟಿಯಲ್ಲಿ ಮುಳುಗಿಸಿದರು. ಮರ ಬೂದುಬಣ್ಣಕ್ಕೆ ತಿರುಗಿತು, ಬೆತ್ತ ಹಪ್ಪಳವಾಯಿತು, ಚೀಟಿ ಎಲ್ಲಿ ಹೋಯಿತೆಂದು ಕೇಳಿದರೆ ಯಾವ ಚೀಟಿ ಎಂದರು. ಕುರ್ಚಿಯ ಯಜಮಾನರಿಗೆ ಮುಖ ತೋರಿಸಲು ನನಗೆ ಒಂದು ವಾರ ಹಿಡಿಯಿತು. ನಿಮ್ಮದರ ಪಾಲಿಶ್ ಅರಗಿನದೇ ಎಂದು ಖಚಿತಪಡಿಸಿಕೊಳ್ಳಬೇಕಿದ್ದರೆ, ಕಾಣದ ಜಾಗದಲ್ಲಿ ಸ್ಪಿರಿಟ್ ಅದ್ದಿದ ಹತ್ತಿಯನ್ನು ಒಂದು ಕ್ಷಣ ಒತ್ತಿ. ಅಂಟಂಟಾಗಿ ಕಂದು ಬಣ್ಣ ಹತ್ತಿಗೆ ಬಂದರೆ ಅರಗು. ಆಮೇಲೆ ಮಾಡಬೇಕಾದ್ದು ಇಷ್ಟೇ: ಒದ್ದೆಯನ್ನು ಹಿಂಡಿದ ಬಟ್ಟೆಯಲ್ಲಿ ಕೊಳೆ ಒರೆಸಿ, ಒಣಗಿದ ಮೇಲೆ ಸ್ವಲ್ಪ ಮೇಣ. ಸವೆದ ಕೈಗಳನ್ನು ಹಾಗೆಯೇ ಬಿಡಿ, ನಾಲ್ಕು ತಲೆಮಾರು ಉಜ್ಜಿದ ಹೊಳಪು ಯಾವ ಡಬ್ಬಿಯಲ್ಲೂ ಸಿಗುವುದಿಲ್ಲ. ಚೀಟಿಯ ಮೇಲೆ ಏನನ್ನೂ ಅಂಟಿಸಬೇಡಿ, ಒರೆಸಲೂ ಬೇಡಿ.

ಒಂದು ಭಯ ಇರುವುದು ಕುಟ್ಟೆ ಹುಳುವಿನದು. ಬೀಚ್ ಅದಕ್ಕೆ ಪಂಚಭಕ್ಷ್ಯ. ನೆಲದ ಮೇಲೆ ಕಪ್ಪು ಬಟ್ಟೆ ಹಾಸಿ ಅದರ ಮೇಲೆ ಕುರ್ಚಿ ಇಟ್ಟು ಒಂದು ವಾರ ಬಿಡಿ. ಹಿಟ್ಟಿನಂತಹ ಪುಡಿ ಬಿದ್ದಿದ್ದರೆ ಹುಳು ಒಳಗೆ ಬದುಕಿದೆ, ತಕ್ಷಣ ಮರದ ಹುಳುವಿನ ಔಷಧ ಹೊಡೆಯುವವರನ್ನು ಕರೆಸಬೇಕು. ಬೀಳದಿದ್ದರೆ ತೂತುಗಳು ಹಳೆಯವು, ಹೆದರಬೇಕಿಲ್ಲ.

ಅಮ್ಮ ಕೂರಬಹುದೇ? ಪುಡಿ ಬೀಳದೆ, ಸ್ಕ್ರೂಗಳು ಬಿಗಿಯಿದ್ದು, ತೂಗುವ ಕಾಲುಗಳ ಹೊರಮೈಯಲ್ಲಿ ಕೂದಲೆಳೆಯ ಸೀಳೂ ಇಲ್ಲದಿದ್ದರೆ ಧಾರಾಳವಾಗಿ ಕೂರಬಹುದು. ಕೂರುವ ಕುರ್ಚಿಯ ಮೇಲೆ ದಿನವೂ ಯಾರದಾದರೂ ಕಣ್ಣಿರುತ್ತದೆ, ಅಟ್ಟಕ್ಕೆ ಹಾಕಿದ್ದನ್ನು ಹುಳು ತಿಂದು ಮುಗಿಸಿದ ಮೇಲೆ ಇಳಿಸುತ್ತೇವೆ. ಎದ್ದು ಕೂರುವಾಗ ಕೈಗಳ ತುದಿಗೆ ಪೂರ್ತಿ ಭಾರ ಹಾಕದಿರಲು ಹೇಳಿ, ಮುಂದಕ್ಕೆ ಮಗುಚುತ್ತದೆ. ಆ ಬೇರೆ ಜಾತಿಯ ಸ್ಕ್ರೂವನ್ನು ಮಾತ್ರ ಒಮ್ಮೆ ಮರಗೆಲಸದವರಿಗೆ ತೋರಿಸಿ, ತಲೆ ಸ್ವಲ್ಪ ಮೇಲೆದ್ದಿದೆ.

ಇನ್ನೊಂದು ಕೆಲಸ ಬಾಕಿ ಇದೆ. ಈ ಕಂಪನಿಗಳು ಚೀಟಿ ಅಂಟಿಸುವುದಷ್ಟೇ ಅಲ್ಲ, ಪೀಠದ ಚೌಕಟ್ಟಿನ ಒಳಮೈಯಲ್ಲಿ ಹೆಸರನ್ನು ಒತ್ತುತ್ತಲೂ ಇದ್ದವು. ಪಾಲಿಶ್ ತುಂಬಿಕೊಂಡು ನೇರ ಬೆಳಕಿಗೆ ಅದು ಕಾಣುವುದಿಲ್ಲ. ಅಮ್ಮ ಎದ್ದು ಒಳಗೆ ಹೋದ ಹೊತ್ತು ನೋಡಿ, ಕುರ್ಚಿಯನ್ನು ಚಾಪೆಯ ಮೇಲೆ ಮಗುಚಿ, ಮೊಬೈಲಿನ ಟಾರ್ಚನ್ನು ಓರೆಯಾಗಿ ಹಿಡಿದು ಚೌಕಟ್ಟಿನ ಒಳಸುತ್ತನ್ನೆಲ್ಲ ನಿಧಾನವಾಗಿ ನೋಡಿ. ಅಕ್ಷರ ಕಂಡರೆ ಫೋಟೊ ಹಾಕಿ. ಅದು ಕೋನ್ ಆಗಿರದೆ ದೊಡ್ಡಪ್ಪನ ಥೋನೆಟ್ಟೇ ಆಗಿದ್ದರೆ ನನ್ನ ಇಷ್ಟುದ್ದದ ಉತ್ತರವನ್ನು ಅವರಿಗೆ ಓದಿ ಹೇಳಿ ನಗಬಹುದು.